ಅವರು ಕೇಳಲಿಲ್ಲವಂತೆ!

ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ. ಇಳಿದ ಮೇಲೆ ನಾನು ತೀರಾ ಸಭ್ಯನಾಗಿಬಿಡುತ್ತೇನೆ, ಅದರಿಂದ ಯಾರಿಗೂ ಉಪಯೋಗವಿಲ್ಲ.

ಇವತ್ತು ಗದಗಿಗೆ ಹೋಗಿದ್ದೆ. ಬೆಟಗೇರಿಯ ನಮ್ಮ ಚಿಗವ್ವನ ಮಗಳ ವಿಷಯ ನಿಮ್ಮಲ್ಲಿ ಹಲವರಿಗೆ ಗೊತ್ತು. ದೀಪಾವಳಿಗೆ ಮುಂಚೆ ಅವಳ ಗಂಡ ಹಾರ್ಟ್ ಅಟ್ಯಾಕ್ ಆಗಿ ಹೋದ. ಎರಡು ಪವರ್‌ಲೂಮ್ ಹಾಕಿಕೊಂಡಿದ್ದ. ಅದಕ್ಕೆ ಅಂತ 2024ರ ಶುರುವಿನಲ್ಲಿ ಒಂದು ಖಾಸಗಿ ಫೈನಾನ್ಸ್ ಕಂಪನಿಯಲ್ಲಿ ಐದು ಲಕ್ಷ ಸಾಲ ತೆಗೆದಿದ್ದ. ಅವನು ಹೋದ ಮೇಲೆ ಇವಳು ಒಂದು ತಿಂಗಳೂ ತಪ್ಪಿಸದೆ ಕಂತು ಕಟ್ಟಿದ್ದಾಳೆ. ಪಾಟ್ಲಿ ಮಾರಿ ಕಟ್ಟಿದ್ದಾಳೆ. ಮೊನ್ನೆ ಫೋನ್ ಮಾಡಿ, "ಒಂದು ಮಗ್ಗ ಮಾರಿ ಸಾಲ ಮುಗಿಸಿಬಿಡ್ತೀನಿ ಅಣ್ಣಾ, ಬಾಕಿ ಎಷ್ಟೈತಿ ನೀನ ಬಂದು ಲೆಕ್ಕ ನೋಡು" ಅಂದಳು.

ಊರವರ ಲೆಕ್ಕ ಬರೆದೇ ಹೊಟ್ಟೆ ಹೊರೆದವನು ನಾನು. ಸ್ಟೇಟ್‌ಮೆಂಟನ್ನು ಮೊದಲ ಸಾಲಿನಿಂದ ಓದುತ್ತೇನೆ. ಸಾಲ 5,00,000. ಕೈಗೆ ಬಂದದ್ದು 4,72,100. ಪ್ರೊಸೆಸಿಂಗ್ ಫೀ, ಜಿಎಸ್‌ಟಿ ಸೇರಿ 5,900. ಅದರ ಕೆಳಗೆ ಇನ್ನೊಂದು ಸಾಲು: ಇನ್ಶೂರೆನ್ಸ್ ಪ್ರೀಮಿಯಂ 22,000.

"ಇದೇನು ತಮ್ಮಾ?" ಅಂತ ಕೌಂಟರಿನ ಹುಡುಗನನ್ನು ಕೇಳಿದೆ.

"ಲೋನಿನ ಇನ್ಶೂರೆನ್ಸ್ ರೀ ಸರ. ಸಾಲ ತಗೊಂಡೋರು ತೀರ್ಕೊಂಡ್ರ ಬಾಕಿ ಇನ್ಶೂರೆನ್ಸ್‌ನೋರು ಕಟ್ತಾರ್ರಿ."

"ಮತ್ತ ಇವರ ಯಜಮಾನ್ರು ತೀರ್ಕೊಂಡಿದ್ದು ನಿಮಗ ಗೊತ್ತೈತಿ. ಡೆತ್ ಸರ್ಟಿಫಿಕೇಟ್ ನಿಮ್ಮ ಫೈಲಿನ್ಯಾಗ ಐತಿ."

"ಐತ್ರಿ. ಆದ್ರ ಕ್ಲೇಮ್ ಬಗ್ಗೆ ಅವ್ರು ಕೇಳ್ಲಿಲ್ರಿ."

ಕೇಳಲಿಲ್ಲವಂತೆ! 22,000 ಹಿಡಿದುಕೊಳ್ಳುವಾಗ ಇವರನ್ನು ಯಾರು ಕೇಳಿದ್ದರು? ಅವನು ಬಂದು "ಸ್ವಾಮಿ, ದಯವಿಟ್ಟು ನನಗೊಂದು ಇನ್ಶೂರೆನ್ಸ್ ಕೊಡಿ" ಅಂದಿದ್ದನೇ? ಪಾಲಿಸಿ ಇದೆ ಅಂತಲೇ ಹೆಂಡತಿಗೆ ಗೊತ್ತಿಲ್ಲ. ನಾಮಿನಿ ಅವಳೇ! ಇದು ಗ್ರೂಪ್ ಪಾಲಿಸಿ, ಅಂದರೆ ಹಲವು ಸಾಲಗಾರರನ್ನು ಸೇರಿಸಿ ಮಾಡಿದ ಒಂದೇ ಪಾಲಿಸಿ. ಮುಖ್ಯ ಪಾಲಿಸಿದಾರ ಸಾಲ ಕೊಟ್ಟ ಕಂಪನಿ. ಸಾಲಗಾರನಿಗೆ ಇನ್ಶೂರೆನ್ಸ್ ಸರ್ಟಿಫಿಕೇಟ್ ಅಂತ ಒಂದು ಕಾಗದ ಕೊಡಬೇಕು. ಆ ಕಾಗದ ಬೆಟಗೇರಿಯ ಮನೆಗೆ ಬಂದೇ ಇಲ್ಲ. ಕಂತು ಒಂದು ದಿನ ತಡವಾದರೆ ಮಾತ್ರ ಮನೆ ಬಾಗಿಲಿಗೆ ಜನ ಬರುತ್ತಾರೆ.

ಇನ್ನೊಂದು ಉರಿಯುವ ವಿಷಯ ಕೇಳಿ. ಆ 22,000 ಕೂಡ ಸಾಲದ ಒಳಗೇ ಸೇರಿತ್ತು. ಶೇಕಡಾ 16ರ ಬಡ್ಡಿ, 60 ಕಂತು. ಅದೊಂದಕ್ಕೇ ತಿಂಗಳಿಗೆ 535 ರೂಪಾಯಿ, ಐದು ವರ್ಷಕ್ಕೆ 32 ಸಾವಿರಕ್ಕೂ ಜಾಸ್ತಿ. ಅಂದರೆ ಪ್ರೀಮಿಯಮ್ಮಿಗೂ ಬಡ್ಡಿ. ಈ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಸಾಲ ಕರಗಿದಂತೆ ರಕ್ಷಣೆಯ ಮೊತ್ತವೂ ಕರಗುತ್ತಾ ಹೋಗುತ್ತದೆ, ಅದು ಬೇರೆ. ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಇದೆಯಲ್ಲ, ವರ್ಷಕ್ಕೆ 436 ರೂಪಾಯಿಗೆ ಎರಡು ಲಕ್ಷ. ಅದನ್ನು ಮಾಡಿಸಿ ಅಂತ ಯಾವ ಸಾಲದ ಏಜೆಂಟನಾದರೂ ನಿಮ್ಮ ಹಿಂದೆ ಬಿದ್ದದ್ದು ನೋಡಿದ್ದೀರಾ? ಅದರಲ್ಲಿ ಅವನಿಗೇನು ಸಿಗುತ್ತದೆ ಪಾಪ.

ಇಂಗ್ಲೆಂಡಿನಲ್ಲಿ ಇದೇ ಆಟ ನಮಗಿಂತ ಮೊದಲೇ ನಡೆದಿದೆ. ಪಿಪಿಐ ಅಂತ ಹೆಸರು, ಪೇಮೆಂಟ್ ಪ್ರೊಟೆಕ್ಷನ್ ಇನ್ಶೂರೆನ್ಸ್, ಅಂದರೆ ಸಾಲದ ಕಂತಿಗೆ ರಕ್ಷಣೆ ಅಂತ ಮಾರುವ ವಿಮೆ. ಕ್ಲೇಮ್ ಮಾಡಲು ಅರ್ಹತೆಯೇ ಇಲ್ಲದವರ ತಲೆಗೂ ಬ್ಯಾಂಕುಗಳು ಕಟ್ಟಿದವು. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಕೇಸಿನಲ್ಲಿ ಪ್ರೀಮಿಯಮ್ಮಿನ ಶೇಕಡಾ 71.8 ಬರೀ ಕಮಿಷನ್! ಕೊನೆಗೆ ಜನ ತಿರುಗಿಬಿದ್ದರು. ಅರ್ಜಿ ಹಾಕಲು 2019ರ ಆಗಸ್ಟ್ 29 ಕೊನೆಯ ದಿನ ಅಂತ ಇಟ್ಟರು. 2011ರಿಂದ ಬ್ಯಾಂಕುಗಳು ವಾಪಸ್ ಕೊಟ್ಟ ದುಡ್ಡು ಸುಮಾರು 3,800 ಕೋಟಿ ಪೌಂಡ್. ನಮ್ಮಲ್ಲಿ? ಬ್ಯಾಂಕುಗಳು ಹೀಗೆ ಇನ್ಶೂರೆನ್ಸ್ ಮಾರುವುದರಿಂದ ಸಾಲವೇ ದುಬಾರಿಯಾಗುತ್ತದೆ ಅಂತ 2024ರ ನವೆಂಬರಿನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ ಹೇಳಿದರು. ನಾವು ಪೇಪರಿನಲ್ಲಿ ಓದಿ ಚಹಾ ಕುಡಿದೆವು.

"ಸಹಿ ಮಾಡುವಾಗ ಓದಬೇಕಿತ್ತು" ಅಂತ ಈಗ ಒಬ್ಬರು ಬರುತ್ತಾರೆ. ಬರಲಿ. ಅಷ್ಟು ದಪ್ಪದ ಇಂಗ್ಲಿಷ್ ಫಾರ್ಮು, ಇಂಟು ಗುರುತು ಹಾಕಿದಲ್ಲೆಲ್ಲ ಸಹಿ, "ಲಗೂ ಮಾಡ್ರಿ, ಇವತ್ತ ಪಾಸ್ ಆಗ್ಬೇಕು" ಅನ್ನುವ ಏಜೆಂಟ್. ಇಷ್ಟರಲ್ಲಿ ನೇಕಾರ ಕೂತು ಓದಬೇಕಂತೆ. ನೀವು ನಿಮ್ಮ ಮನೆ ಸಾಲದ ಕಾಗದ ಓದಿದ್ದೀರಾ? ಸುಮ್ನೆ ಕೇಳಿದೆ.

ಕೌಂಟರಿನ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೂ ತಿಂಗಳ ಟಾರ್ಗೆಟ್ ಇರುತ್ತದೆ. (ಆದರೂ ಧ್ವನಿ ಏರಿಸಿದೆ. ಕ್ಲೇಮ್ ಅರ್ಜಿಯ ಪ್ರತಿಗೆ ಸೀಲು, ತಾರೀಖು ಹಾಕುವುದಿಲ್ಲ ಅಂದ, ಆಮೇಲೆ ಹಾಕಿದ. ನಡುವೆ ನಾನು ಏನೆಂದೆ ಅನ್ನುವುದು ಬೇಡ, ನನ್ನ ಹೆಂಡತಿಯೂ ಇದನ್ನು ಓದುತ್ತಾಳೆ.)

ಹಾಗಂತ ಇನ್ಶೂರೆನ್ಸೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಹೇಗೆ ಹೇಳಲಿ? ಅವಳ ಮಗ್ಗ ಉಳಿದರೆ ಅದರಿಂದಲೇ ಉಳಿಯುತ್ತದೆ. ಕ್ಲೇಮ್ ಹಣ ಮೊದಲು ಸಾಲದ ಬಾಕಿಗೆ, ಮಿಕ್ಕರೆ ನಾಮಿನಿಗೆ. ಹಾಗಾದರೆ ಅವನು ಸತ್ತ ದಿನದಿಂದ ಇವಳು ಕಟ್ಟಿದ ಕಂತುಗಳು ವಾಪಸ್ ಬರಬೇಕಲ್ವಾ? ಅದನ್ನೂ ಅರ್ಜಿಯಲ್ಲಿ ಬರೆದಿದ್ದೇನೆ. ಯಾಕೆಂದರೆ ಬರೆಯದಿದ್ದರೆ ನಾಳೆ ಮತ್ತೆ "ಅವ್ರು ಕೇಳ್ಲಿಲ್ರಿ" ಅನ್ನುತ್ತಾರೆ.

ಆದ್ದರಿಂದ ಕೇಳಿ. ಸಾಲಕ್ಕೆ ಇನ್ಶೂರೆನ್ಸ್ ಕಡ್ಡಾಯ ಅಂದರೆ ಅದನ್ನು ಬರೆದು ಕೊಡಿ ಅನ್ನಿ, ಯಾರೂ ಬರೆದು ಕೊಡುವುದಿಲ್ಲ. 2024ರ ಅಕ್ಟೋಬರ್ 1ರಿಂದ ಹೊಸ ಸಾಲಗಳಿಗೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್, ಅಂದರೆ ಸಾಲದ ಖರ್ಚುಗಳ ಪಟ್ಟಿ, ಕೊಡಲೇಬೇಕು, ಇನ್ಶೂರೆನ್ಸ್ ಖರ್ಚೂ ಅದರಲ್ಲಿ ಕಾಣಬೇಕು. ಪಾಲಿಸಿ ಬೇಡವಾದರೆ ಕಾಗದ ಕೈಗೆ ಬಂದ 30 ದಿನದೊಳಗೆ ರದ್ದು ಮಾಡಬಹುದು, ಅದಕ್ಕೆ ಫ್ರೀ ಲುಕ್ ಅನ್ನುತ್ತಾರೆ. ಒಂದಿಷ್ಟು ಮುರಿದುಕೊಂಡು ಉಳಿದದ್ದು ವಾಪಸ್ ಕೊಡುತ್ತಾರೆ. ಸಾಲವನ್ನು ಅವಧಿಗೆ ಮುಂಚೆಯೇ ತೀರಿಸಿದವರು ಇದ್ದೀರಲ್ಲ, ಉಳಿದ ವರ್ಷಗಳ ಪ್ರೀಮಿಯಂ ಏನಾಯಿತು ಅಂತ ವಿಚಾರಿಸಿದ್ದೀರಾ? ನಿಯಮ ನೋಡಿ, ಸರೆಂಡರ್ ಮೊತ್ತ (ಪಾಲಿಸಿ ನಡುವೆಯೇ ಬಿಟ್ಟರೆ ವಾಪಸ್ ಸಿಗುವ ದುಡ್ಡು) ಬರುವುದಿದ್ದರೆ ಬರಹದಲ್ಲೇ ಕೇಳಿ. ಬಾಯಿಮಾತಿಗೆ ಬೆಲೆ ಇಲ್ಲ.

ಸಾಲ ಕೊಟ್ಟವರು 30 ದಿನ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಹಾಕಬಹುದು, ವಿಚಾರಿಸಲು 14448. ಇನ್ಶೂರೆನ್ಸ್ ಕಂಪನಿಯವರು ಸತಾಯಿಸಿದರೆ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐನ ದೂರು ವ್ಯವಸ್ಥೆ ಬಿಮಾ ಭರೋಸಾ, 155255. ಅದಕ್ಕೂ ಬಗ್ಗದಿದ್ದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಇದ್ದಾರೆ, ಅಲ್ಲಿ ಫೀಸೂ ಇಲ್ಲ, ವಕೀಲರೂ ಬೇಕಿಲ್ಲ.

ಪತ್ರ ಬರೆಯಲು ಬಾರದೆ ಸುಮ್ಮನೆ ಕೂತವರು ಹುಬ್ಬಳ್ಳಿಯಲ್ಲಿ ಇದ್ದರೆ ಸಂಜೆ ಆರರ ಮೇಲೆ ನನ್ನ ಅಂಗಡಿಗೆ ಬನ್ನಿ, ಬರೆದು ಕೊಡುತ್ತೇನೆ. ಸ್ಟೇಟ್‌ಮೆಂಟ್ ತನ್ನಿ. "ಓದಬೇಕಿತ್ತು" ಅನ್ನುವವರನ್ನು ಮಾತ್ರ ಜೊತೆಗೆ ಕರೆತರಬೇಡಿ.