ಸ್ವಲ್ಪ ಮೇಲೆ ಕಡೀರಿ ಸಾರ್!

ಹೋದ ವರ್ಷ ಮಧುಗಿರಿ ಕಡೆಯ ನಮ್ಮ ಗೋಮಾಳದಲ್ಲಿ ಬಳ್ಳಾರಿ ಜಾಲಿ ನಿರ್ಮೂಲನಾ ಸಮಾರಂಭ ನಡೆಯಿತು. ಶಾಮಿಯಾನ, ಮೈಕು, ಕೇಸರಿಬಾತು ಯಾವುದಕ್ಕೂ ಕೊರತೆಯಿಲ್ಲ. ಹೊಸ ಮಚ್ಚಿಗೆ ಅರಿಶಿನ ಕುಂಕುಮ ಹಚ್ಚಿ, ಕಡಿಯಬೇಕಾದ ಗಿಡದ ಬುಡಕ್ಕೆ ಕೆಂಪು ಟೇಪು ಸುತ್ತಿದ್ದರು. ಮುಖ್ಯ ಅತಿಥಿಗಳು ಬಗ್ಗಿ ಮಚ್ಚೆತ್ತಿದರೋ ಇಲ್ಲವೋ, ಫೋಟೋಗ್ರಾಫರ್ ಕೂಗಿದ: "ಸಾರ್, ಬಗ್ಗಿದ್ರೆ ಮುಖ ಬರಲ್ಲ, ಸ್ವಲ್ಪ ಮೇಲೆ!" ಅತಿಥಿಗಳು ಸೊಂಟದೆತ್ತರಕ್ಕೆ ಕಡಿದರು. ಅದನ್ನು ನೋಡಿ ಕೂಲಿಯವರೂ ಇಡೀ ಗೋಮಾಳವನ್ನು ಅದೇ ಅಳತೆಗೆ ಸವರಿದರು.

"ಬುಡ ಅಗೀದೆ ಬಿಟ್ರೆ ಚಿಗುರ್ತದೆ ಕಣ್ ಸ್ವಾಮಿ" ಎಂದ ಕುರಿ ಕಾಯುವ ಅಜ್ಜನ ಕೈಗೆ ಕೇಸರಿಬಾತಿನ ಪ್ಲೇಟು ಕೊಟ್ಟು ಕೂರಿಸಿದರು. ಅಜ್ಜ ಹೇಳಿದ್ದು ಸರಿ. ಸೌದೆಗೆ ಆಗುತ್ತದೆಂದು 1877ರ ಹೊತ್ತಿಗೆ ಅಮೆರಿಕ ಖಂಡದ ಕಡೆಯಿಂದ ಕರೆಸಿಕೊಂಡ ನೆಂಟ ಇದು. ಮೇಲೆ ಕಡಿದರೆ ಒಂದು ಕಾಂಡ ಹೋಗಿ ಏಳೆಂಟು ಬರುತ್ತವೆ. ಮಣ್ಣೊಳಗಿನ ಗಂಟನ್ನೇ ಕೀಳಬೇಕು. ಸಿಹಿ ಕಾಯಿ ತಿಂದ ದನ, ಕುರಿ, ಕೊನೆಗೆ ಕೃಷ್ಣಮೃಗವೂ ಬೀಜವನ್ನು ಹೊಟ್ಟೆಯಲ್ಲಿ ಹದ ಮಾಡಿ, ಗೊಬ್ಬರದ ಸಮೇತ ಬಿತ್ತುತ್ತವೆ. ಸಬ್ಸಿಡಿ ಕೊಟ್ಟರೂ ಇಷ್ಟು ಅಚ್ಚುಕಟ್ಟಾದ ಬಿತ್ತನೆ ನಾನು ಕಂಡಿಲ್ಲ.

ಊಟದ ನಂತರ 'ಖಾಲಿ' ಜಾಗದಲ್ಲಿ ಸಸಿ ನೆಡುವ ಕಾರ್ಯಕ್ರಮ. ಖಾಲಿ ಅಂದರೆ ಕರಡ, ಗರಿಕೆ ಬೆಳೆದ ನೆಲ. ಕಾಗದದ ಮೇಲೆ ಮರವಿಲ್ಲದ್ದೆಲ್ಲ ಬೀಳು. ಹುಲ್ಲಿಗೆ ಅಲ್ಲಿ ಕಾಲಂ ಇಲ್ಲ. ಹಾಗಾಗಿ ಅಮೆರಿಕದ ಜಾಲಿ ಕಡಿದಲ್ಲೇ ಆಸ್ಟ್ರೇಲಿಯಾದ ಅಕೇಶಿಯಾ ನೆಟ್ಟೆವು, ಹುಲ್ಲಿನ ಬೇರು ಕತ್ತರಿಸಿ ಗುಂಡಿ ತೋಡಿ. ಇದೇ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆ ಬಯಲನ್ನು 2007ರಲ್ಲಿ ಕೃಷ್ಣಮೃಗಕ್ಕೆಂದೇ ಘೋಷಿಸಿದ್ದಾರೆ. ದೂರಕ್ಕೆ ಕಣ್ಣು ಹಾಯಿಸಿ, ಓಡಿ ಬದುಕುವ ಪ್ರಾಣಿ ಅದು. ಅದಕ್ಕೂ ನೆರಳು ಬೇಡವೇ ಎಂದು ಭಾಷಣದಲ್ಲಿ ಕೇಳಿದರು. (ಕೇಳಿದವರು ಶಾಮಿಯಾನ ಬಿಟ್ಟು ಈಚೆ ಬರಲಿಲ್ಲ.)

ಈ ಸಲ ಎರಡು ಮಳೆ ಬಿದ್ದ ಮೇಲೆ ಹೋಗಿ ನೋಡಿದೆ. ಸಸಿಗಳು ಒಣಗಿ ಕಡ್ಡಿಯಾಗಿವೆ. ಅತಿಥಿಗಳು ಕಡಿದ ಕೂಳೆಯಲ್ಲಿ ಒಂಬತ್ತು ಚಿಗುರು, ಆಳೆತ್ತರ. ಬುಡದಲ್ಲಿ ಕೆಂಪು ಟೇಪು ಹಾಗೇ ಇದೆ. ಪಕ್ಕದಲ್ಲಿ ಇಬ್ಬರು ಹುಡುಗರು ಹಳೇ ಬ್ಯಾನರಿನ ಮೇಲೆ ಹೊಸ ಇಸವಿಯ ಚೀಟಿ ಅಂಟಿಸುತ್ತಿದ್ದರು. ಇನ್ನೊಂದು ಕೂಳೆಗೆ ಬುತ್ತಿ ನೇತುಹಾಕಿ ಕೂತಿದ್ದ ಅಜ್ಜ ನನ್ನನ್ನು ಕಂಡು ಕೇಳಿದ:

"ಕೇಸರಿಬಾತು ಯಾವತ್ತಂತೆ ಸ್ವಾಮಿ?"