ಸಡ್ಡೆ ಹಿಡಿದವಳಿಗೊಂದು ಕಂಚು

ಮೊನ್ನೆ ಚೆನ್ನೈಗೆ ಹೋದಾಗ ಮರೀನಾ ಬೀಚಿನ ಆ ಹೆಸರುವಾಸಿ ಕಂಚಿನ ಶಿಲ್ಪ ನೋಡಿದೆ. ನಾಲ್ವರು ಕೂಲಿಗಳು ಸೇರಿ ಒಂದು ಬಂಡೆ ಸರಿಸುತ್ತಿದ್ದಾರೆ. ದೇವಿಪ್ರಸಾದ್ ರಾಯ್ ಚೌಧರಿ ಮಾಡಿದ್ದು, 1959ರಲ್ಲಿ ನಿಲ್ಲಿಸಿದ್ದು. ಬೆನ್ನು, ತೊಡೆ, ಮೀನಖಂಡ ಎಲ್ಲ ಹುರಿಗಟ್ಟಿವೆ. ಆ ನಾಲ್ವರಿಗೆ ಹೆಸರಿಲ್ಲ. ಅದೇ ನನಗೆ ಹಿಡಿಸಿತು.

ಊರಿಗೆ ಬಂದು ಅವ್ವನಿಗೆ ಫೋಟೊ ತೋರಿಸಿದೆ. ಹೊಸದುರ್ಗದ ಕಡೆ ಹಳ್ಳಿಯಲ್ಲಿ ಹೊಲದಲ್ಲೇ ಆಯುಷ್ಯ ಕಳೆದವಳು. ಫೋನ್ ದೂರ ಹಿಡಿದು ನೋಡಿ, "ನಾಲ್ಕೂ ಗಂಡಸ್ರೇ. ಬುತ್ತಿ ತಂದೋಳು ಎಲ್ಲಪ್ಪಾ?" ಅಂದಳು.

ನಮ್ಮ ಕಡೆಯ ರೈತನ ಗೊಂಬೆಗಳನ್ನೇ ನೋಡಿ. ತಲೆಗೆ ಪೇಟ, ಹೆಗಲ ಮೇಲೆ ನೇಗಿಲು, ಮುಖದ ತುಂಬ ನಗು. ಬಿತ್ತನೆ ದಿನ ಯಾರು ನಗ್ತಾರೆ? ನಮ್ಮಪ್ಪ ಅವತ್ತು ಮಾತೇ ಆಡುತ್ತಿರಲಿಲ್ಲ, ಮೋಡ ನೋಡೋದೇ ಆಗುತ್ತಿತ್ತು. ಹೆಂಗಸರಂತೂ ಆ ಗೊಂಬೆಗಳಲ್ಲಿ ಕಾಣೋದೇ ಅಪರೂಪ. ಚಿತ್ರದುರ್ಗದಲ್ಲಿ ಓಬವ್ವ ಇದ್ದಾಳಲ್ಲ ಅಂತೀರಿ. ಇದ್ದಾಳೆ, ಹೆಮ್ಮೆಯೇ. ಆದರೆ ಒನಕೆ ಕಾಳು ಕುಟ್ಟೋ ಸಾಮಾನು. ಅದು ಆಯುಧವಾದ ಮೇಲೇ ಅದಕ್ಕೆ ಕಟ್ಟೆ ಸಿಕ್ಕಿತು, ಅಲ್ವಾ?

ನನಗೆ ಬೇಕಾಗಿರೋದು ಕೂರಿಗೆ ಬಿತ್ತನೆಯ ಶಿಲ್ಪ. ಕೂರಿಗೆ ಅಂದರೆ ಸಾಲು ಹಿಡಿದು ಬೀಜ ಬಿತ್ತೋ ಸಾಧನ. ಮುಂದೆ ಎತ್ತು, ಹಿಂದೆ ಕೂರಿಗೆ. ಬಟ್ಟಲಿಗೆ ರಾಗಿ ಬಿಡುವ ಕೈ. ಅದರ ಹಿಂದೆ ಹಗ್ಗಕ್ಕೆ ಕಟ್ಟಿದ ಸಡ್ಡೆ. ಸಡ್ಡೆ ಅಂದರೆ ಒಂದು ಬಿದಿರ ಕೊಳವೆ, ಮೇಲೊಂದು ಪುಟ್ಟ ಬಟ್ಟಲು. ಅದನ್ನು ಹಿಡಿದು ಅಕ್ಕಡಿ ಸಾಲಿಗೆ, ಅಂದರೆ ರಾಗಿಯ ನಡುವೆ ಬಿಡೋ ಬೇರೆ ಬೆಳೆಯ ಸಾಲಿಗೆ, ಅವರೆಯೋ ತೊಗರಿಯೋ ಬಿಡುತ್ತಾ ನಡೆಯೋಳು ಅವ್ವ. ಮಡಿಲಲ್ಲಿ ಬೀಜ, ಕಣ್ಣು ನೆಲದ ಮೇಲೆ. ಎತ್ತಿನ ಹೆಜ್ಜೆಗೆ ಬೆರಳು ಹೊಂದಬೇಕು. ಬೆರಳು ತಪ್ಪಿದರೆ ಒಂದು ಕಡೆ ಗುಂಪು, ಇನ್ನೊಂದು ಕಡೆ ಬಯಲು. ಮೊಳಕೆ ಬಂದ ಮೇಲೆ ಊರಿಗೆಲ್ಲ ಗೊತ್ತಾಗುತ್ತಿತ್ತು, ಯಾರ ಕೈ ಅಂತ.

ಇದಕ್ಕೆ ಕಂಚೇ ಆಗಬೇಕು. ಕಲ್ಲಿನಲ್ಲಿ ಆ ಹಗ್ಗ, ಕೊಳವೆ, ಚಾಚಿದ ಬೆರಳು ಕಡೆದರೆ ಮುರಿದು ಬೀಳುತ್ತವೆ. ಸಿಮೆಂಟಾದರೆ ಬಣ್ಣ ಎದ್ದು, ಬಿರುಕು ಬಿಟ್ಟು ವರ್ಷವರ್ಷ ರಿಪೇರಿ. ತಾಮ್ರಕ್ಕೆ ತವರ ಬೆರೆಸಿದ ಕಂಚು ಅಷ್ಟು ಸಣ್ಣದನ್ನೂ ತಡೆಯುತ್ತದೆ. ಮೊದಲು ಮೇಣದಲ್ಲಿ ಮಾಡುತ್ತಾರೆ. ಸುತ್ತ ಅಚ್ಚು ಕಟ್ಟಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಲೋಹ ಹುಯ್ಯುತ್ತಾರೆ. ಮೇಣದ ಮೇಲೆ ಉಗುರು ಗೀರಿದರೂ ಕಂಚಿನಲ್ಲಿ ಮೂಡುತ್ತದೆ. ಅವ್ವನ ಹಿಮ್ಮಡಿ ಒಡಕನ್ನು ಬೇರೆ ಯಾವುದರಲ್ಲಿ ತರ್ತೀರಿ?

ಗೆಳೆಯನೊಬ್ಬ ಬೈದ. "ಮೊದಲು ಭದ್ರಾ ಮೇಲ್ದಂಡೆ ನೀರು ಬರಲಿ, ಆಮೇಲೆ ನಿನ್ನ ಗೊಂಬೆ. ಈಗ ಎಲ್ಲಾ ಟ್ರ್ಯಾಕ್ಟರ್ ಬಿತ್ತನೆ, ಸಡ್ಡೆ ಯಾವನಿಗೆ ಬೇಕು?" ನೀರಿನ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಟ್ರ್ಯಾಕ್ಟರಿನ ಮಾತು ಮಾತ್ರ ಒಪ್ಪಲ್ಲ. ಸಡ್ಡೆ ಅಟ್ಟ ಸೇರಿದೆ ಅಂತಲೇ ನಾನು ಕೇಳ್ತಿರೋದು.

ಮಾಡೋರು ಯಾರಾದರೂ ಮುಂದೆ ಬಂದರೆ ಒಂದೇ ಕೋರಿಕೆ. ಎತ್ತರದ ಕಟ್ಟೆ, ಸುತ್ತ ಕಬ್ಬಿಣದ ಬೇಲಿ ಬೇಡ. ನೆಲದ ಮೇಲೇ ನಿಲ್ಲಿಸಿ. ಮಕ್ಕಳು ಸಡ್ಡೆ ಬಟ್ಟಲಿಗೆ ಕೈ ಹಾಕಲಿ. ಯಾರೋ ಶೇಂಗಾ ತಿಂದು ಸಿಪ್ಪೆ ತುಂಬಿ ಹೋದರೂ ಪರವಾಗಿಲ್ಲ.