ಮೆಟ್ಟಿಲ ಮೇಲೆ ಬ್ಯೂಟೇನ್

ನಿನ್ನೆ ಸಂಜೆಯಿಂದ ತಲೆ ಕೆಟ್ಟಿದೆ. ಬರೆದು ಇಳಿಸಿಕೊಳ್ಳುತ್ತೇನೆ, ಬೈಯಬೇಡಿ.

ನಮ್ಮ ಮಹಡಿ ಮನೆಯ ಹುಡುಗಿ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಈಗ ಪಿಯುಸಿ ಸೈನ್ಸ್. ಕೆಮಿಸ್ಟ್ರಿ ಟ್ಯೂಷನ್ ಟೆಸ್ಟಿನಲ್ಲಿ ಸಂಯುಕ್ತಗಳ ಹೆಸರು ಬರೆಯುವುದಕ್ಕೆ ಹತ್ತರಲ್ಲಿ ಎರಡು ಮಾರ್ಕ್ಸ್. ಹೇಗೆ ಕಲಿಯೋದು ಸಾರ್ ಅಂತ ಕೇಳಿದ್ದಕ್ಕೆ ಸಿಕ್ಕ ಉತ್ತರ, "ಬಾಯಿಪಾಠ ಮಾಡು."

ಏನನ್ನು ಸ್ವಾಮಿ? ಇಂಗಾಲದ ಸಂಯುಕ್ತಗಳೇ ಕೋಟಿಗಟ್ಟಲೆ ಇವೆ. ಬಾಯಿಪಾಠದಿಂದ ಆಗುವ ಕೆಲಸ ಅಲ್ಲ ಅಂತಲೇ 1892ರಲ್ಲಿ ಕೆಮಿಸ್ಟ್ರಿ ವಿಜ್ಞಾನಿಗಳು ಜಿನೀವಾದಲ್ಲಿ ಕೂತು ಹೆಸರಿಡುವ ನಿಯಮ ಮಾಡಿದ್ದು. ಆ ನಿಯಮವನ್ನೇ ಉರು ಹೊಡೆಸುತ್ತಾರಲ್ಲ!

ಅವಳು ಒಂದಕ್ಕೆ '1-ಮೀಥೈಲ್ ಪ್ರೋಪೇನ್' ಅಂತ ಬರೆದಿದ್ದಳು. ಕೆಂಪು ಇಂಟು. ಯಾಕೆ ತಪ್ಪು ಅಂತ ಒಂದಕ್ಷರ ಇಲ್ಲ. ಬಸವನಗುಡಿ ಪರಿಷೆಯಿಂದ ತಂದ ಕಡಲೆಕಾಯಿ ಉಳಿದಿತ್ತು. ಸುಲಿದು ಮೂರು ಬೀಜ ಸಾಲಾಗಿ ಇಟ್ಟೆ, ನಡುವಿನದರ ಪಕ್ಕ ಇನ್ನೊಂದು. ಒಂದೊಂದು ಬೀಜ ಒಂದೊಂದು ಇಂಗಾಲದ ಪರಮಾಣು. ಸಾಲಿನಲ್ಲಿ ಮೂರು ಅಂದರೆ ಪ್ರೋಪ್. ಪಕ್ಕದ ಒಂಟಿ ಬೀಜ ಮೀಥೈಲ್. ಕೂತ ಜಾಗ ಎರಡು, ಹಾಗಾಗಿ 2-ಮೀಥೈಲ್ ಪ್ರೋಪೇನ್.

"ಈಗ ಅದನ್ನು ನೀನು ಬರೆದ ಒಂದನೇ ಜಾಗಕ್ಕೆ ತಳ್ಳು."

ತಳ್ಳಿದಳು. ಸುಮ್ನೆ ನೋಡಿದಳು. "ಅಯ್ಯೋ ಆಂಟಿ, ಉದ್ದಕ್ಕೆ ನಾಲ್ಕಾಯ್ತು. ಇದು ಬ್ಯೂಟೇನೇ ಅಲ್ವಾ!"

ನಾಲ್ಕು ಬೀಜ ರೀ. ಅಷ್ಟೇ ಖರ್ಚು.

ಮಗ್ಗಿ ಬಾಯಿಪಾಠ ಮಾಡಲಿಲ್ವಾ ನಾವು ಅಂತ ಕಾಮೆಂಟ್ ಬರುತ್ತದೆ, ಗೊತ್ತು. ಒಂದರಿಂದ ನಾಲ್ಕು ಇಂಗಾಲದವರೆಗಿನ ಮೀಥ್, ಈಥ್, ಪ್ರೋಪ್, ಬ್ಯೂಟ್ ಉರು ಹೊಡೆಯಲೇಬೇಕು, ಒಪ್ಪಿದೆ. ಆಮೇಲಿನ ಪೆಂಟ್, ಹೆಕ್ಸ್ ಗ್ರೀಕರ ಐದು, ಆರು. ನಾಲ್ಕು ಪದದ ನೆಪದಲ್ಲಿ ಇಡೀ ಪುಸ್ತಕ ನುಂಗಿಸಬೇಕಾ?

ಕನ್ನಡದಲ್ಲಿ ಓದಿದ್ದೆಲ್ಲ ದಂಡ ಅಂದುಕೊಂಡಿದ್ದಾಳೆ ಪಾಪ. ಆಕ್ಸಿಜನ್ ಅಂದರೂ ಆಮ್ಲಜನಕ ಅಂದರೂ ಆಮ್ಲ ಹುಟ್ಟಿಸುವುದು ಅಂತಲೇ ಅರ್ಥ ಎಂದು ಅವಳಿಗೆ ಯಾರೂ ಹೇಳಿಯೇ ಇಲ್ಲ.

ನಿಜ ಹೇಳಬೇಕೆಂದರೆ ಈ ಸಿಟ್ಟು ಹಳೆಯದು. ಕೆಮಿಸ್ಟ್ರಿ ಓದಿ ಬ್ಯಾಂಕಿನಲ್ಲಿ ನೋಟು ಎಣಿಸಿದವಳು ಅಂತ ನೀವೆಲ್ಲ ಗೇಲಿ ಮಾಡುತ್ತೀರಲ್ಲ, ಪಿಯುಸಿಯಲ್ಲಿ ಸಲ್ಫೈಡ್, ಸಲ್ಫೈಟ್, ಸಲ್ಫೇಟ್ ಮೂರನ್ನೂ ಕಲಸಿಕೊಂಡು ಫೇಲಾಗಿ, ಮಾರ್ಕ್ಸ್ ಕಾರ್ಡಿಗೆ ಅಪ್ಪನ ಸಹಿ ನಾನೇ ಹಾಕಿದ್ದೆ. ಐಟ್‌ಗಿಂತ ಏಟ್‌ಗೆ ಆಕ್ಸಿಜನ್ ಜಾಸ್ತಿ ಅಂತ ಆಗ ಯಾರೂ ಹೇಳಲಿಲ್ಲ. ಸಹಿ ಸಿಕ್ಕಿಬಿದ್ದ ದಿನ ಏಟು ಮಾತ್ರ ಅಪ್ಪನಿಂದ ಜಾಸ್ತಿಯೇ ಸಿಕ್ಕಿತು.

ಹುಡುಗಿ ಏಳುವಾಗ ಮೀಥೈಲನ್ನು ಬಾಯಿಗೆ ಹಾಕಿಕೊಂಡು ಹೋದಳು. ಇವತ್ತು ಗಾಂಧಿ ಬಜಾರಿನಿಂದ ಅರ್ಧ ಕೆಜಿ ಬೀಜ ತರಬೇಕು. ಮುಂದಿನ ಟೆಸ್ಟಿಗೆ ಬೆಂಜೀನ್ ಇದೆಯಂತೆ.